ಪ್ರಬಂಧದ ಮೂರನೇ ಅಧ್ಯಾಯ

ಶಿಕ್ಷಣ ವಿಭಾಗದ ಪಿಎಚ್‌ಡಿ ಪ್ರಬಂಧಗಳಿಗೆ ಸಾಮಾನ್ಯವಾಗಿ ಐದು ಅಧ್ಯಾಯ. ಪೀಠಿಕೆ, ಸಾಹಿತ್ಯ ಸಮೀಕ್ಷೆ, ವಿಧಾನ, ವಿಶ್ಲೇಷಣೆ, ಸಾರಾಂಶ. ಓದುವವರು ಮೊದಲನೆಯದನ್ನು ತಿರುವಿಹಾಕಿ ನೇರ ಕೊನೆಯದಕ್ಕೆ ಹೋಗುತ್ತಾರೆ. ನಡುವಿನ ಮೂರನೆಯದರಲ್ಲಿ ಎಲ್ಲೋ ಒಂದು ವಾಕ್ಯ ಕೂತಿರುತ್ತದೆ: 'ಸಾಧನವನ್ನು ಕನ್ನಡಕ್ಕೆ ಅನುವಾದಿಸಿ ಬಳಸಲಾಯಿತು.' ಸಾಧನವೆಂದರೆ ಅಳೆಯಲು ಬಳಸುವ ಪ್ರಶ್ನಾವಳಿ ಅಥವಾ ಪರೀಕ್ಷೆ. ಈ ಒಂದು ವಾಕ್ಯದ ಹಿಂದೆ ಆರೆಂಟು ತಿಂಗಳ ಕೆಲಸ ಇರಬೇಕು. ಇಲ್ಲದಿದ್ದರೆ ನಾಲ್ಕನೇ ಅಧ್ಯಾಯದ ಕೋಷ್ಟಕಗಳನ್ನು ಎಷ್ಟು ಅಂದವಾಗಿ ಜೋಡಿಸಿದರೂ ಅವುಗಳಿಗೆ ಕಾಸಿನ ಬೆಲೆಯಿಲ್ಲ. ಶೈಕ್ಷಣಿಕ ಮನೋವಿಜ್ಞಾನದಲ್ಲೋ ಮಾನವ ಅಭಿವೃದ್ಧಿಯಲ್ಲೋ ಸಂಶೋಧನೆಗೆ ಇಳಿದವರು ಮೊದಲ ಎರಡು ವರ್ಷದಲ್ಲಿ ಏನೇನು ದಾಟಬೇಕಾಗುತ್ತದೆ, ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದನ್ನು ಆ ವಾಕ್ಯವನ್ನೇ ಬಿಚ್ಚುತ್ತಾ ಹೇಳಬಹುದು.

ಪ್ರವೇಶದ ಮಾತು ಬೇಗ ಮುಗಿಸೋಣ. ಕರ್ನಾಟಕದಲ್ಲಿ ಈ ಓದಿಗೆ ಬರುವ ದಾರಿಗಳು ಹಲವು. ಎಂ.ಎಡ್ ಅಥವಾ ಎಂ.ಎ ಎಜುಕೇಶನ್ ಮುಗಿಸಿ ಬರುವವರು, ಮನೋವಿಜ್ಞಾನದ ಸ್ನಾತಕೋತ್ತರದಿಂದ ಬರುವವರು, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿರುವಂಥ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ವಿಭಾಗದಿಂದ ಬರುವವರು. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ; ಮಹಿಳೆಯರಿಗೆ ಇನ್ನೂ 2 ವರ್ಷದ ವಿನಾಯಿತಿ ಉಂಟು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. 2024ರ ಜೂನ್ ಸುತ್ತಿನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕಗಳನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು. ಹಾಗೆ ಬಳಸಿದರೆ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಸಂದರ್ಶನದಲ್ಲಿ ಹೆಚ್ಚಿನವರು ಎಡವುವ ಪ್ರಶ್ನೆ ಒಂದೇ: 'ಇದನ್ನು ಅಳೆಯೋದು ಹೇಗೆ?'

ಎಡವುವುದಕ್ಕೆ ಕಾರಣ ವಿಷಯ ಆರಿಸುವ ಪದ್ಧತಿಯಲ್ಲೇ ಇದೆ. 'ಇಂಥ ಜಿಲ್ಲೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಸಾಧನಾ ಪ್ರೇರಣೆ ಮತ್ತು ಶೈಕ್ಷಣಿಕ ಸಾಧನೆಯ ನಡುವಿನ ಸಂಬಂಧದ ಅಧ್ಯಯನ' ಎಂಬ ಅಚ್ಚಿನಲ್ಲಿ ಎರಕ ಹೊಯ್ದ ಶೀರ್ಷಿಕೆಗಳು ನೂರಾರು. ಜಿಲ್ಲೆಯ ಹೆಸರು ಬದಲಾಗುತ್ತದೆ, ಅಷ್ಟೆ. ಕೊನೆಯಲ್ಲಿ ಗಂಡು-ಹೆಣ್ಣು, ನಗರ-ಗ್ರಾಮೀಣ, ಸರ್ಕಾರಿ-ಅನುದಾನಿತ-ಖಾಸಗಿ ಎಂದು ಮೂರು ಟಿ-ಪರೀಕ್ಷೆ ಅಥವಾ ಎಫ್-ಪರೀಕ್ಷೆ (ಗುಂಪುಗಳ ಸರಾಸರಿಯನ್ನು ಹೋಲಿಸುವ ಲೆಕ್ಕ) ಮಾಡಿ ಮಂಗಳ ಹಾಡುವುದು. ಸರ್ಕಾರಿ ಶಾಲೆಯ ಮಗುವನ್ನೂ ಖಾಸಗಿ ಶಾಲೆಯ ಮಗುವನ್ನೂ ಹಾಗೆ ಎದುರುಬದುರು ನಿಲ್ಲಿಸಿದರೆ ತೂಗಿದ್ದು ಮನೆಯ ವರಮಾನವನ್ನೇ ಹೊರತು ಶಾಲೆಯನ್ನಲ್ಲ. ಇದು ಗೊತ್ತಿದ್ದೂ ಮಾಡುತ್ತಾರೆ. 'ಎಲ್ಲರೂ ಮಾಡಿದ್ದಾರೆ' ಎನ್ನುವುದು ಸಮಿತಿಯ ಮುಂದೆ ನಡೆಯುವ ವಾದ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಗಣಿತದ ಆತಂಕ ಎಷ್ಟಿದೆ, ಅದು ಲೆಕ್ಕ ಮಾಡುವ ವೇಗವನ್ನು ಎಷ್ಟು ಕುಗ್ಗಿಸುತ್ತದೆ, ನಡುವೆ ವರ್ಕಿಂಗ್ ಮೆಮೊರಿಯ, ಅಂದರೆ ಕೆಲಸ ಮಾಡುತ್ತಲೇ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪಿನ, ಪಾತ್ರವೇನು? ಇದಕ್ಕೆ ನಾಲ್ಕು ಸಾಧನ ಬೇಕು: ಆತಂಕದ 20 ಹೇಳಿಕೆಗಳ ಪ್ರಶ್ನಾವಳಿ, ಕೇಳಿದ ಅಂಕಿಗಳನ್ನು ನೆನಪಿಟ್ಟು ತಿರುಗಿ ಹೇಳುವ ಪರೀಕ್ಷೆ, ಮೂರು ನಿಮಿಷದಲ್ಲಿ ಎಷ್ಟಾದೀತೋ ಅಷ್ಟು ಮಾಡುವ ಕೂಡುವ-ಕಳೆಯುವ ಲೆಕ್ಕದ ಹಾಳೆ, ಮಾತಿನ ಹಂಗಿಲ್ಲದ ಬುದ್ಧಿಪರೀಕ್ಷೆಯಾಗಿ ರೇವನ್‌ನ ಬಣ್ಣದ ಮ್ಯಾಟ್ರಿಸಸ್. ಕೊನೆಯದು 12ರಂತೆ ಮೂರು ಕಂತು, ಒಟ್ಟು 36 ಚಿತ್ರ. ಅದಕ್ಕೆ ಅನುವಾದ ಬೇಡ, ಸೂಚನೆಗಳು ಮಾತ್ರ ಸಾಕು. ತೊಂದರೆ ಕೊಡುವುದು ಮೊದಲ ಎರಡು.

ಮೊದಲು ಪ್ರಶ್ನಾವಳಿ. ಮೂಲ ಇಂಗ್ಲಿಷಿನದು. ಅದನ್ನು ರೂಪಿಸಿದವರಿಗೆ ಪತ್ರ ಬರೆದು ಲಿಖಿತ ಅನುಮತಿ ಪಡೆದು, ಆ ಪತ್ರವನ್ನು ಅನುಬಂಧಕ್ಕೆ ಸೇರಿಸಬೇಕು. ಇದನ್ನು ಕೊನೆಗೆ ನೋಡೋಣ ಎಂದು ಬಿಟ್ಟವರಿಗೆ ಪ್ರಕಟಣೆಯ ಹೊತ್ತಿಗೆ ತಲೆನೋವು ಶುರುವಾಗುತ್ತದೆ. ನಂತರ ಇಬ್ಬರಿಂದ ಬೇರೆ ಬೇರೆಯಾಗಿ ಅನುವಾದ ಮಾಡಿಸಬೇಕು. ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಐದನೇ ತರಗತಿಗೆ ದಿನಾ ಪಾಠ ಮಾಡುವ ಶಿಕ್ಷಕಿ ಅಥವಾ ಶಿಕ್ಷಕ. ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಮಾಡಿ, ಮೂಲವನ್ನು ನೋಡದ ಮೂರನೆಯವರಿಂದ ಮರಳಿ ಇಂಗ್ಲಿಷಿಗೆ ಮಾಡಿಸುವುದು. ಈ ಹಿಮ್ಮರಳು ಅನುವಾದದ ಕ್ರಮ 1970ರಲ್ಲಿ ಬ್ರಿಸ್ಲಿನ್ ಬರೆದ ಲೇಖನದಿಂದ ಎಲ್ಲೆಡೆ ಹಬ್ಬಿತು. ಇಂದಿಗೂ ಪರೀಕ್ಷಕರು ಕೇಳುವುದು ಅದನ್ನೇ.

ಆದರೆ ಅದನ್ನು ನಂಬಿ ಕೂರಬೇಡಿ. ಇಂಗ್ಲಿಷಿನಲ್ಲಿ ಹೆದರಿಕೆಗೆ 'ಹೊಟ್ಟೆಯಲ್ಲಿ ಚಿಟ್ಟೆಗಳು' ಎನ್ನುವ ನುಡಿಗಟ್ಟಿದೆ. ಅದನ್ನು ಹಾಗೇ ಕನ್ನಡಕ್ಕಿಳಿಸಿದರೆ ಹಿಮ್ಮರಳು ಅನುವಾದದಲ್ಲಿ ಚಿಟ್ಟೆಗಳು ಒಂದೂ ತಪ್ಪದೆ ವಾಪಸ್ ಬರುತ್ತವೆ, ನೂರಕ್ಕೆ ನೂರು ಅಂಕ. ತರಗತಿಯಲ್ಲಿ ಮಾತ್ರ ಮಕ್ಕಳು ಕಿಸಕ್ಕೆಂದು ನಗುತ್ತಾರೆ. 'ಹೊಟ್ಟೆಯಲ್ಲಿ ತಳಮಳ ಆಗುತ್ತದೆ' ಎಂದೋ 'ಎದೆ ಢವಢವ ಅನ್ನುತ್ತದೆ' ಎಂದೋ ಬರೆದರೆ ಮಗುವಿಗೆ ಅರ್ಥವಾಗುತ್ತದೆ, ಆದರೆ ಮರಳಿ ಹೋದದ್ದು ಮೂಲಕ್ಕೆ ತಾಳೆಯಾಗುವುದಿಲ್ಲ. ಪದಕ್ಕೆ ಪದ ಇಟ್ಟವನನ್ನು ಮೆಚ್ಚಿ, ಅರ್ಥ ಹಿಡಿದವನನ್ನು ಬೈಯುವ ವಿಧಾನ ಇದು. ಮೂಲದ ಇಂಗ್ಲಿಷ್, ಮರಳಿ ಬಂದ ಇಂಗ್ಲಿಷ್ ಎರಡೂ ಎಲ್ಲಿ ಬೇರೆಯಾದವು, ಯಾಕೆ ಹಾಗೇ ಬಿಟ್ಟಿರಿ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಆ ಪಟ್ಟಿಯೇ ಮೌಖಿಕ ಪರೀಕ್ಷೆಯಲ್ಲಿ ಕೈಹಿಡಿಯುವುದು.

ಅನುವಾದಕರು ಮೊದಲ ಸುತ್ತಿನಲ್ಲಿ ಕೊಡುವ ಕನ್ನಡ ಹೆಚ್ಚುಕಡಿಮೆ ಹೀಗಿರುತ್ತದೆ: 'ಗಣಿತದ ಸಮಸ್ಯೆಗಳನ್ನು ಪರಿಹರಿಸುವಾಗ ನಾನು ಉದ್ವಿಗ್ನನಾಗುತ್ತೇನೆ.' ಇದರಲ್ಲಿ ಮೂರು ಮುಳ್ಳಿವೆ. 'ಸಮಸ್ಯೆ' ಎಂದರೆ ಹತ್ತು ವರ್ಷದ ಮಗುವಿಗೆ ಮನೆಯ ತಾಪತ್ರಯ. ಶಾಲೆಯಲ್ಲಿ ಮಾಡುವುದು 'ಲೆಕ್ಕ'. 'ಉದ್ವಿಗ್ನ' ಪತ್ರಿಕೆಯಲ್ಲಿ ಗಲಭೆಯ ಸುದ್ದಿಗೆ ಬಳಸುವ ಮಾತು. ಮೂರನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ: 'ಉದ್ವಿಗ್ನನಾಗು' ಎಂದರೆ ಹುಡುಗ, ಹುಡುಗಿಗೆ 'ಉದ್ವಿಗ್ನಳಾಗು' ಬೇಕು. ಓರೆಗೆರೆ ಹಾಕಿ ಎರಡನ್ನೂ ಅಚ್ಚು ಹಾಕಿಸಿದ ಪ್ರಶ್ನಾವಳಿಗಳನ್ನು ನೋಡಿದ್ದೇವೆ. ಓದುವಾಗಲೇ ಮಗು ಮುಗ್ಗರಿಸುತ್ತದೆ. ಕನ್ನಡದಲ್ಲಿ ಮನಸ್ಸಿನ ಸ್ಥಿತಿಗೆಲ್ಲ ಸಹಜವಾಗಿ ಬರುವುದು 'ನನಗೆ' ಎಂಬ ರೂಪ: ನನಗೆ ಹೆದರಿಕೆ ಆಗುತ್ತದೆ, ನನಗೆ ಬೇಜಾರಾಗುತ್ತದೆ, ನನಗೆ ತಲೆಗೆ ಹತ್ತುವುದಿಲ್ಲ. ಈ ರೂಪಕ್ಕೆ ಗಂಡು ಹೆಣ್ಣಿನ ಭೇದವೇ ಇಲ್ಲ. 'ಲೆಕ್ಕ ಮಾಡುವಾಗ ನನಗೆ ಗಾಬರಿ ಆಗುತ್ತದೆ.' ಮುಳ್ಳು ಮೂರೂ ಹೋದವು.

ಸೀಮೆಯ ಮಾತೂ ಇದೆ. ಮೈಸೂರು ಕಡೆಯ ಮಗುವಿಗೆ 'ಹೆದರಿಕೆ', ಕಲಬುರಗಿ, ವಿಜಯಪುರದ ಕಡೆ 'ಅಂಜಿಕೆ'. ಅರ್ಥವಾಗದೇ ಹೋಗುವುದೇನಿಲ್ಲ, ಆದರೆ ತನ್ನ ಮಾತಲ್ಲದ ಪದಕ್ಕೆ ಮಗು ಪುಸ್ತಕದ ಉತ್ತರ ಕೊಡುತ್ತದೆ. ಅಚ್ಚಿನಲ್ಲಿ ಒಂದೇ ಪದ ಇರಲಿ; ಓದಿ ಹೇಳುವವರು ಜೊತೆಗೆ ಹೇಳಬಹುದಾದ ಸ್ಥಳೀಯ ಪದವನ್ನು ಕೈಪಿಡಿಯಲ್ಲಿ ಮೊದಲೇ ಗೊತ್ತುಮಾಡಿ. ಸ್ಥಳದಲ್ಲೇ ತೋಚಿದ್ದನ್ನು ಹೇಳಲು ಬಿಟ್ಟರೆ ಒಂದೊಂದು ಶಾಲೆಯಲ್ಲಿ ಒಂದೊಂದು ಪ್ರಶ್ನಾವಳಿ ನಡೆದಂತಾಗುತ್ತದೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ತುಳು ಆಡುವ ಮಕ್ಕಳು ಎಷ್ಟಿದ್ದಾರೆ ಎಂಬುದಕ್ಕೆ ಹಾಳೆಯ ಮೇಲೆ ಒಂದು ಖಾನೆ ಇಡಲು ಮರೆಯಬೇಡಿ. ಆಮೇಲೆ ನೆನಪಾದರೆ ಮತ್ತೆ ಎಲ್ಲ ಶಾಲೆಗೂ ಅಲೆಯಬೇಕು.

ಇನ್ನು ತಿರುಗುಮುರುಗು ಹೇಳಿಕೆಗಳು. ಮಕ್ಕಳು ಕಣ್ಣುಮುಚ್ಚಿ ಎಲ್ಲಕ್ಕೂ 'ಹೌದು' ಎನ್ನಬಾರದೆಂದು ಅರ್ಧ ಹೇಳಿಕೆಗಳನ್ನು ಉಲ್ಟಾ ಬರೆಯುವುದು ಪುಸ್ತಕ ಹೇಳುವ ಉಪಾಯ. 'ನನಗೆ ಗಣಿತದ ಭಯವಿಲ್ಲ' ಎಂಬುದಕ್ಕೆ ಭಯವಿರುವ ಮಗು 'ಇಲ್ಲ' ಎಂದು ಗುರುತು ಹಾಕಬೇಕು. ಆದರೆ ಕನ್ನಡದಲ್ಲಿ 'ಭಯ ಆಗಲ್ವಾ?' ಎಂದು ಕೇಳಿದರೆ 'ಇಲ್ಲ, ಆಗಲ್ಲ' ಎಂದೂ ಹೇಳುತ್ತೇವೆ, 'ಹೂಂ, ಆಗಲ್ಲ' ಎಂದೂ ಹೇಳುತ್ತೇವೆ. ಎರಡರ ಅರ್ಥವೂ ಒಂದೇ. ಹಾಗಾಗಿ ಆ ಸಾಲುಗಳಲ್ಲಿ ಮಗುವಿನ 'ಇಲ್ಲ'ಕ್ಕೆ ಏನರ್ಥವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಅಂಕಿಅಂಶದಲ್ಲಿ ಇದು ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ: ಉಲ್ಟಾ ಹೇಳಿಕೆಗಳೆಲ್ಲ ಒಟ್ಟುಗೂಡಿ ತಮ್ಮದೇ ಒಂದು ಅಪವರ್ತನ (ಒಟ್ಟಿಗೆ ಏರಿಳಿಯುವ ಉತ್ತರಗಳ ಗುಂಪು) ಮಾಡಿಕೊಳ್ಳುತ್ತವೆ. ಸಂಶೋಧಕರು ಅದಕ್ಕೆ 'ಗಣಿತದ ಆತ್ಮವಿಶ್ವಾಸ' ಎಂದು ನಾಮಕರಣ ಮಾಡಿ ಹೊಸದೇನೋ ಸಿಕ್ಕಿತೆಂದು ಹಿಗ್ಗುತ್ತಾರೆ. ಸಿಕ್ಕಿದ್ದು ವ್ಯಾಕರಣ. ಇಲ್ಲ-ಅಲ್ಲ ಸೇರಿಸದೆ, 'ಲೆಕ್ಕ ಮಾಡುವಾಗ ನನಗೆ ಖುಷಿಯಾಗುತ್ತದೆ' ಎಂಬಂಥ ನೇರ ಮಾತಿನಲ್ಲಿ ಎದುರು ಭಾವವನ್ನು ಹೇಳುವುದು ಇದಕ್ಕಿರುವ ಮದ್ದು.

ಉತ್ತರದ ಮೆಟ್ಟಿಲುಗಳಲ್ಲೂ ಇದೇ ಬಗೆಯ ತೊಡಕು. ಯಾವಾಗಲೂ, ಆಗಾಗ್ಗೆ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ ಎಂದು ಐದು ಮನೆ ಮಾಡಿದರೆ ದೊಡ್ಡವರಿಗೆ ಸರಿ. 'ಆಗಾಗ್ಗೆ ಅಂದರೆ ವಾರಕ್ಕೆ ಎಷ್ಟು ಸಲ?' ಎಂದು ಎಂಟು ಮಕ್ಕಳನ್ನು ಕೇಳಿ ನೋಡಿ, 'ಕೆಲವೊಮ್ಮೆ'ಗಿಂತ ಅದು ಹೆಚ್ಚೆನ್ನುವವರಷ್ಟೇ ಕಡಿಮೆ ಎನ್ನುವವರೂ ಸಿಗುತ್ತಾರೆ. ನಗುಮೊಗದ ಚಿತ್ರ ಹಾಕಿದರೆ ಚೆಂದ ಕಂಡ ಮುಖಕ್ಕೆ ಗುರುತು ಬೀಳುತ್ತದೆ. ಕೈಗೆ ಹತ್ತಿದ ಉಪಾಯವೆಂದರೆ ನೀರಿನ ಲೋಟ: ಖಾಲಿ, ಕಾಲು, ಅರ್ಧ, ಮುಕ್ಕಾಲು, ತುಂಬಿದ್ದು. 'ನಿನಗೆ ಎಷ್ಟು ಹೆದರಿಕೆ? ಲೋಟದಲ್ಲಿ ತೋರಿಸು.' ಮೊದಲೆರಡು ಅಭ್ಯಾಸದ ಹೇಳಿಕೆಗಳು ಮಾವಿನಹಣ್ಣು ಮತ್ತು ಹಾಗಲಕಾಯಿಯ ಬಗ್ಗೆ ಇರಲಿ. ಎರಡಕ್ಕೂ ತುಂಬಿದ ಲೋಟ ತೋರಿಸಿದ ಮಗುವಿಗೆ ಇನ್ನೊಮ್ಮೆ ವಿವರಿಸಬೇಕೆಂದು ಅಲ್ಲೇ ತಿಳಿಯುತ್ತದೆ. ಹಾಗಲಕಾಯಿ ನಿಜಕ್ಕೂ ಇಷ್ಟಪಡುವ ಮಗು ನೂರಕ್ಕೊಂದು ಇರಬಹುದು, ಕೇಳಿದರಾಯಿತು.

ಇಷ್ಟು ಗೊತ್ತಾಗುವುದು ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೂತಾಗ ಮಾತ್ರ. ಹೇಳಿಕೆ ಓದಿ, 'ಇದನ್ನು ನಿನ್ನ ಮಾತಲ್ಲಿ ಹೇಳು', 'ಯಾಕೆ ಈ ಲೋಟ ತೋರಿಸಿದೆ' ಎಂದು ಕೇಳುವುದು. ಹತ್ತು ಹನ್ನೆರಡು ಮಕ್ಕಳು ಸಾಕು. ಅದರಲ್ಲಿ ಓದಿನಲ್ಲಿ ಹಿಂದಿರುವವರು ಅರ್ಧದಷ್ಟಾದರೂ ಇರಬೇಕು. ಶಿಕ್ಷಕರನ್ನು ಕೇಳಿದರೆ ಚುರುಕಿನ ಐವರನ್ನು ಸಾಲಾಗಿ ಕಳಿಸುತ್ತಾರೆ, ಶಾಲೆಯ ಮರ್ಯಾದೆಯ ಪ್ರಶ್ನೆ ನೋಡಿ. ಹಾಜರಿ ಪುಸ್ತಕದಿಂದ ಹೆಸರು ಎತ್ತಿ. ಆಮೇಲೆ ಮೂವತ್ತು ಮಕ್ಕಳ ಸಣ್ಣ ಪ್ರಯೋಗ, ಅದಾದ ಮೇಲೆ ಮುಖ್ಯ ಅಧ್ಯಯನಕ್ಕೆ ಸೇರದ ಬೇರೆ ಶಾಲೆಗಳಲ್ಲಿ 150ರಿಂದ 200 ಮಕ್ಕಳ ಪೂರ್ವಪರೀಕ್ಷೆ.

ಅಂಕಿಗಳ ಪರೀಕ್ಷೆಗೆ ಬರೋಣ. ಪರೀಕ್ಷಕರು ಸೆಕೆಂಡಿಗೊಂದರಂತೆ ಅಂಕಿ ಹೇಳುತ್ತಾರೆ, ಮಗು ಅದೇ ಕ್ರಮದಲ್ಲಿ, ಆಮೇಲೆ ಹಿಂದುಮುಂದಾಗಿ ಹೇಳಬೇಕು. ಒಂದೊಂದು ಉದ್ದಕ್ಕೆ ಎರಡೆರಡು ಪ್ರಯತ್ನ. ಎರಡೂ ತಪ್ಪಿದರೆ ಅಲ್ಲಿಗೆ ನಿಲ್ಲಿಸುವುದು. ಅನುವಾದಿಸಲು ಏನಿದೆ, ಒನ್ ಟೂ ತ್ರೀ ಬದಲು ಒಂದು ಎರಡು ಮೂರು ಎಂದರಾಯಿತಲ್ಲ ಎನ್ನಿಸುತ್ತದೆ. ಬೆರಳು ಮಡಚಿ ಎಣಿಸಿ. ಒಂದರಿಂದ ಒಂಬತ್ತರವರೆಗೆ ಇಂಗ್ಲಿಷಿನಲ್ಲಿ ಒಟ್ಟು 10 ಉಚ್ಚಾರಾಂಶ. 'ಸೆವೆನ್' ಒಂದಕ್ಕೇ ಎರಡು. ಕನ್ನಡದಲ್ಲಿ 20. ಸರಿಯಾಗಿ ಇಮ್ಮಡಿ. ಬ್ಯಾಡ್ಲಿ ಮತ್ತು ಜೊತೆಗಾರರು 1975ರಲ್ಲೇ ತೋರಿಸಿದಂತೆ ನಾಲಿಗೆಯ ನೆನಪಿನಲ್ಲಿ ಉಳಿಯುವುದು ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿಕೊಳ್ಳಬಹುದಾದಷ್ಟು. ಪದ ಉದ್ದವಾದಷ್ಟೂ ಹಿಡಿಸುವುದು ಕಡಿಮೆ. ವೆಲ್ಷ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ಅದರಿಂದಲೇ ವೆಲ್ಷ್ ಮಕ್ಕಳ ಅಂಕ ಕಡಿಮೆ ಕಾಣುತ್ತದೆ, ನೆನಪಿನ ಶಕ್ತಿ ಕಡಿಮೆಯೆಂದಲ್ಲ ಎಂದು ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ವಾದಿಸಿದರು. ಇಂಗ್ಲಿಷ್ ಮಕ್ಕಳ ಮಾನಕ ಕೋಷ್ಟಕ (ಯಾವ ವಯಸ್ಸಿಗೆ ಎಷ್ಟು ಅಂಕ ಸಾಮಾನ್ಯ ಎಂಬ ಪಟ್ಟಿ) ಇಟ್ಟುಕೊಂಡು ಕನ್ನಡದ ಮಗುವಿಗೆ 'ಸರಾಸರಿಗಿಂತ ಕಡಿಮೆ' ಎಂದು ಮುದ್ರೆ ಒತ್ತುವ ಮುಂಚೆ ಇದು ನೆನಪಿರಬೇಕು.

ಮತ್ತೆ, 'ಮೂರು' ಮತ್ತು 'ಆರು' ಪ್ರಾಸ ಕೂಡುವ ಜೋಡಿ. ಅಕ್ಕಪಕ್ಕ ಬಂದರೆ ಒಂದು ಇನ್ನೊಂದನ್ನು ನುಂಗುತ್ತದೆ. ಇಂಗ್ಲಿಷ್ ಸರಣಿಯನ್ನು ಹಾಗೇ ಎತ್ತಿಕೊಳ್ಳದೆ ನಿಮ್ಮದೇ ಸರಣಿ ಹೆಣೆಯಿರಿ. ಇನ್ನೊಂದು ವಿಚಿತ್ರ ಈಗೀಗ ಹೆಚ್ಚಾಗಿದೆ: ಕನ್ನಡದಲ್ಲಿ 'ಏಳು, ಎರಡು, ಒಂಬತ್ತು' ಎಂದರೆ ಕೆಲವು ಮಕ್ಕಳು ಕಣ್ಣು ಮುಚ್ಚಿ 'ಸೆವೆನ್, ಟೂ, ನೈನ್' ಎನ್ನುತ್ತಾರೆ. ಮೊಬೈಲ್ ನಂಬರನ್ನು ಮನೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಹೇಳುವುದನ್ನು ಕೇಳಿ ಬಂದ ರೂಢಿ. ಅದು ತಪ್ಪಲ್ಲ, ಆದರೆ ಆ ಮಗು ಚಿಕ್ಕ ಪದಗಳ ಲಾಭ ಪಡೆಯಿತು. ಯಾವ ಭಾಷೆಯಲ್ಲಿ ತಿರುಗಿ ಹೇಳಿತು ಎಂಬುದನ್ನು ಹಾಳೆಯಲ್ಲಿ ಗುರುತು ಹಾಕಿ.

ಅಧ್ಯಯನ ಎರಡನೆಯ, ಮೂರನೆಯ ತರಗತಿಯ ಓದಿನ ಬಗ್ಗೆಯಾದರೆ ಇಷ್ಟೇ ಸೂಕ್ಷ್ಮದ ಇನ್ನೊಂದು ಸಂಗತಿ ಎದುರಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಕ್ರಮದಲ್ಲಿ ಸಾಗುವುದಿಲ್ಲ. ರ ಗ ಸ ದ ಅ, ನಂತರ ಜ ವ ಮ ಬ ನ ಹೀಗೆ ಗುಂಪುಗುಂಪಾಗಿ ಬರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಪರೀಕ್ಷೆ ಮಾಡಿ 'ಸತತ ಐದು ತಪ್ಪಾದರೆ ನಿಲ್ಲಿಸಿ' ಎಂಬ ನಿಯಮ ಇಟ್ಟರೆ, ಹತ್ತು ಅಕ್ಷರ ಗಟ್ಟಿಯಾಗಿ ಬಲ್ಲ ಮಗು ಆ, ಇ, ಈಗಳಲ್ಲೇ ಸೋತು ಸೊನ್ನೆಯ ಹತ್ತಿರ ನಿಲ್ಲುತ್ತದೆ. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು ಕೂಡಿ ಕೂರುವುದರಿಂದ 'ತರಗತಿ' ಎಂಬ ಘಟಕವೂ ನೀವಂದುಕೊಂಡಂತೆ ಇರುವುದಿಲ್ಲ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದ್ದರಿಂದ ಇಂಗ್ಲಿಷಿನಂತೆ ಒಂದನೇ ತರಗತಿಗೆ ಅಕ್ಷರ ಮುಗಿಯಿತೆಂದುಕೊಂಡು ರೂಪಿಸಿದ ಸಾಧನ ಇಲ್ಲಿ ಹೊಂದುವುದಿಲ್ಲ.

ನಮ್ಮ ನಾಡಿನಲ್ಲಿ ಭಾಷೆಗೆ ತಕ್ಕಂತೆ ಪರೀಕ್ಷೆ ತಿದ್ದುವುದು ಹೊಸದೇನಲ್ಲ. ಸ್ವಾತಂತ್ರ್ಯಕ್ಕೂ ಮುಂಚೆಯೇ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂಬ ಹೆಸರಲ್ಲಿ ಕೊಟ್ಟರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನೋವಿಜ್ಞಾನ ವಿಭಾಗದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಅಪವರ್ತನ ವಿಶ್ಲೇಷಣೆಯ ಮೂಲಪುರುಷನೇ ಸ್ಪಿಯರ್‌ಮನ್.

ಸಾಧನ ಸಿದ್ಧವಾಗುವ ಹೊತ್ತಿಗೆ ಅನುಮತಿಯ ಕಾಗದಗಳು ಚಲಿಸುತ್ತಿರಬೇಕು. ಸಂಸ್ಥೆಯ ನೈತಿಕ ಸಮಿತಿಯದು ಮೊದಲು. ಅದು ಬಂದ ಮೇಲೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿ, ಅಲ್ಲಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಬಿಇಒ ಪತ್ರ ಹಿಡಿದು ಮುಖ್ಯಶಿಕ್ಷಕರ ಬಳಿ. ಎಲ್ಲಕ್ಕೂ ಸೇರಿ ಮೂರು ತಿಂಗಳು ಎತ್ತಿಡಿ. ಅರ್ಜಿಯ ಜೊತೆ ಪ್ರಶ್ನಾವಳಿಯ ಕನ್ನಡ ಪ್ರತಿ, ಒಂದು ಮಗುವಿಗೆ ಎಷ್ಟು ನಿಮಿಷ, ಯಾವ ಅವಧಿಯಲ್ಲಿ ಎಂಬ ಒಂದು ಪುಟದ ವಿವರ ಇದ್ದರೆ ಕಡತ ಬೇಗ ಮೇಲೇಳುತ್ತದೆ. 'ಶಾಲೆಗಳಲ್ಲಿ ಮಾಹಿತಿ ಸಂಗ್ರಹಿಸಲು' ಎಂದಷ್ಟೇ ಬರೆದ ಅರ್ಜಿ ಮಾತ್ರ ಮೇಜಿನ ಮೇಲೇ ನಿದ್ದೆ ಹೋಗುತ್ತದೆ.

ಪೋಷಕರ ಒಪ್ಪಿಗೆಯ ವಿಚಾರದಲ್ಲಿ ಮುಖ್ಯಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ: 'ಮಕ್ಕಳು ನಮ್ಮವೇ ಅಲ್ವಾ ಮೇಡಂ, ನಾನೇ ಸಹಿ ಹಾಕಿಕೊಡ್ತೀನಿ.' ಅದು ನಡೆಯದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆ ಬೇಕು. ಅದರ ಮೇಲೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದವರಿಗೆ ಬರಹದ ಸಮ್ಮತಿ ಬೇಕು. ಕಾಗದ ಅರ್ಧ ಪುಟ ಮೀರದಿರಲಿ. ಹೆಬ್ಬೆಟ್ಟು ಒತ್ತುವವರಿಗೆ ಸಾಕ್ಷಿಯ ಸಹಿಗೆ ಜಾಗ ಇರಲಿ. ಸೋಮವಾರ ಕೊಟ್ಟು ಗುರುವಾರ ಕೇಳಿದರೆ ಅರ್ಧದಷ್ಟು ಚೀಟಿ ಬ್ಯಾಗಿನ ತಳದಲ್ಲಿ ಮುದ್ದೆಯಾಗಿರುತ್ತವೆ. ಪೋಷಕರ ಸಭೆಯ ದಿನ ಎದುರಿಗೆ ಕೂತು ಓದಿ ಹೇಳಿ ಪಡೆಯುವುದು ಒಳ್ಳೆಯದು. ಚೀಟಿ ಬಾರದ ಮಕ್ಕಳು ಯಾರೆಂದು ನೋಡಿ: ಗುಳೆ ಹೋದವರ ಮಕ್ಕಳು, ಅಜ್ಜಿ ಮನೆಯಲ್ಲಿರುವವರು, ಆಗಾಗ ಗೈರಾಗುವವರು. ಇವರು ಬಿಟ್ಟುಹೋದಾಗ ನಿಮ್ಮ ಮಾದರಿ (ಅಧ್ಯಯನಕ್ಕೆ ಆರಿಸಿದ ಮಕ್ಕಳ ಗುಂಪು) ಮೇಲಕ್ಕೆ ವಾಲುತ್ತದೆ. ಎಷ್ಟು ಚೀಟಿ ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ಮೂರನೇ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು.

ಶಾಲೆಯ ಪಂಚಾಂಗ ನಿಮ್ಮ ವೇಳಾಪಟ್ಟಿಗಿಂತ ದೊಡ್ಡದು. ಜೂನ್ ದಾಖಲಾತಿ, ಸೇತುಬಂಧದಲ್ಲಿ (ಹಿಂದಿನ ತರಗತಿಯ ಪಾಠ ಮೆಲುಕು ಹಾಕಿಸುವುದು) ಹೋಗುತ್ತದೆ. ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವದ ತಾಲೀಮು, ಕ್ರೀಡಾಕೂಟ. ಆಮೇಲೆ ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ. ಡಿಸೆಂಬರಿನಲ್ಲಿ ಪ್ರವಾಸ, ವಾರ್ಷಿಕೋತ್ಸವ. ಕೈಗೆ ಸಿಗುವುದು ಜುಲೈ, ಮತ್ತೆ ನವೆಂಬರ್, ಜನವರಿ. ಪರೀಕ್ಷೆಯ ಹಿಂದುಮುಂದಿನ ವಾರದಲ್ಲಿ ಗಣಿತದ ಆತಂಕ ಅಳೆದರೆ ಸಿಗುವುದು ಪರೀಕ್ಷೆಯ ಆತಂಕ. ಅರ್ಧ ಶಾಲೆ ಆಗ, ಉಳಿದರ್ಧ ಈಗ ಮಾಡಿದರಂತೂ ಎರಡೂ ಕಲಸುಮೇಲೋಗರ. ದಿನದಲ್ಲಿ ಹಾಲು ಕುಡಿದ ಮೇಲೆ, ಬಿಸಿಯೂಟಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಒಗ್ಗರಣೆಯ ವಾಸನೆ ಬಂದಮೇಲೆ ಯಾವ ಮಗುವೂ ಅಂಕಿ ನೆನಪಿಟ್ಟುಕೊಳ್ಳುವುದಿಲ್ಲ.

ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಪರೀಕ್ಷೆಗೆ ಕೊಡುವ ಜಾಗ ಸಾಮಾನ್ಯವಾಗಿ ಮುಖ್ಯಶಿಕ್ಷಕರ ಕೋಣೆ. ನಯವಾಗಿ ಬೇಡವೆನ್ನಿ. ಮಗು ಆ ಕೋಣೆಗೆ ಹೋಗುವುದು ಬೈಸಿಕೊಳ್ಳಲಿಕ್ಕೆ. ಜಗುಲಿಯ ಮೂಲೆ, ಖಾಲಿ ಕೋಣೆ, ಚಾಪೆಯ ಮೇಲೆ ಎದುರುಬದುರಲ್ಲ, ಓರೆಯಾಗಿ ಕೂರುವುದು. ಹೊತ್ತು ನೋಡಲು ಮೊಬೈಲ್ ತೆಗೆದರೆ ಮಗುವಿನ ಕಣ್ಣು ಅದರ ಮೇಲೇ. ಕೈಗಡಿಯಾರ ಸಾಕು. 'ಮಿಸ್', 'ಅಕ್ಕೋರೆ' ಎಂದು ಕರೆಯಲು ಬಿಟ್ಟರೆ ಪರೀಕ್ಷೆಯ ಗಾಳಿ ಬೀಸುತ್ತದೆ, 'ಅಕ್ಕ', 'ಅಣ್ಣ' ಎಂದರೆ ತುಸು ಸಡಿಲ. 'ಇದು ಪರೀಕ್ಷೆ ಅಲ್ಲ' ಎಂಬ ಮಾತನ್ನು ಮಕ್ಕಳು ನಂಬುವುದಿಲ್ಲ, ಕೈಯಲ್ಲಿ ಹಾಳೆ ಇದೆಯಲ್ಲ. 'ಇದರ ಮಾರ್ಕ್ಸ್ ಮಿಸ್‌ಗೆ ಕೊಡಲ್ಲ, ಹಾಳೆ ಮೇಲೆ ನಿನ್ನ ಹೆಸರೂ ಇಲ್ಲ ನೋಡು' ಎಂದು ತೋರಿಸಿದರೆ ನಂಬುತ್ತಾರೆ. ಉತ್ತರ ಕೇಳಿಸಲಿಲ್ಲವೆಂದು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಬೇಡಿ. ನಮ್ಮ ತರಗತಿಗಳಲ್ಲಿ ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪೆಂದೇ ಅರ್ಥ. ಮಗು ತಕ್ಷಣ ಬದಲಿಸುತ್ತದೆ. ಪಿಯಾಜೆಯ ಸಂರಕ್ಷಣೆಯ ಪ್ರಯೋಗದಲ್ಲಿ (ರೂಪ ಬದಲಾದರೂ ಪ್ರಮಾಣ ಅಷ್ಟೇ ಎಂದು ಮಗುವಿಗೆ ಗೊತ್ತೇ ಎಂದು ನೋಡುವುದು) ಪ್ರಶ್ನೆಯನ್ನು ಒಂದೇ ಸಲ ಕೇಳಿದಾಗ ಮಕ್ಕಳ ತಪ್ಪು ಕಡಿಮೆಯಾಗುವುದನ್ನು ರೋಸ್ ಮತ್ತು ಬ್ಲ್ಯಾಂಕ್ 1974ರಲ್ಲೇ ತೋರಿಸಿದ್ದರು. 'ಇನ್ನೊಂಚೂರು ಜೋರಾಗಿ ಹೇಳು, ನನಗೆ ಕಿವಿ ಮಂದ' ಎಂದರೆ ತಪ್ಪು ನಮ್ಮ ಕಡೆಗೆ ಬರುತ್ತದೆ.

ಆತಂಕದ ಹೇಳಿಕೆಗಳನ್ನು ಇಡೀ ಗುಂಪಿಗೆ ಒಂದೊಂದಾಗಿ ಓದಿ ಹೇಳಬೇಕು. ಓದು ಬಾರದ ಮಕ್ಕಳು ಐದನೇ ತರಗತಿಯಲ್ಲೂ ಇರುತ್ತಾರೆ. ಗುಂಪು 15 ಮೀರದಿರಲಿ, ತರಗತಿಯ ಶಿಕ್ಷಕರು ಹೊರಗಿರಲಿ. 'ತಪ್ಪಾದರೆ ಸರ್ ಹೊಡೀತಾರೆ' ಎಂಬ ಮಾತು ಇಂಥ ಹೊತ್ತಿನಲ್ಲೇ ಹೊರಬೀಳುವುದು. ಆಗ ಏನು ಮಾಡುತ್ತೀರಿ, ಯಾರಿಗೆ ತಿಳಿಸುತ್ತೀರಿ ಎಂಬುದು ನೈತಿಕ ಸಮಿತಿಗೆ ಕೊಟ್ಟ ಅರ್ಜಿಯಲ್ಲೇ ಬರೆದಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ; ಮಕ್ಕಳ ಸಹಾಯವಾಣಿ 1098. ಕೇಳಿಯೂ ಕೇಳದಂತೆ ಹಾಳೆ ಮಡಚಿಕೊಂಡು ಬರುವಂತಿಲ್ಲ.

ಮಾದರಿ ಎಷ್ಟು ದೊಡ್ಡದಿರಬೇಕು? ಇಲ್ಲಿ ಬಹಳ ಜನ ಒಟ್ಟು ಸಂಖ್ಯೆಯೊಂದನ್ನೇ ನೋಡುತ್ತಾರೆ. 20 ಶಾಲೆ, ತಲಾ 25 ಮಕ್ಕಳು, ಒಟ್ಟು 500, ಕೇಳಲು ಗಟ್ಟಿಯಾಗಿದೆ. ಆದರೆ ಒಂದೇ ಶಾಲೆಯ ಮಕ್ಕಳು ಒಬ್ಬರೇ ಶಿಕ್ಷಕರಿಂದ ಕಲಿತವರು, ಒಂದೇ ಊರಿನವರು. ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಶಾಲೆಯೊಳಗಿನ ಈ ಹೋಲಿಕೆಯ ಗುಣಾಂಕ 0.2 ಎಂದಿಟ್ಟುಕೊಳ್ಳಿ. ಶಾಲೆಯ 25 ಮಕ್ಕಳಲ್ಲಿ ಒಂದು ಕಳೆದರೆ 24; ಅದನ್ನು 0.2ರಿಂದ ಗುಣಿಸಿ 1 ಕೂಡಿಸಿದರೆ 5.8. 500ನ್ನು 5.8ರಿಂದ ಭಾಗಿಸಿ: 86. ಕೈಯಲ್ಲಿರುವುದು 86 ಮಕ್ಕಳ ತೂಕದ ಮಾಹಿತಿ. ಅದರ ಬದಲು 40 ಶಾಲೆಗಳಿಂದ 12ರಂತೆ 480 ಮಕ್ಕಳನ್ನು ತೆಗೆದುಕೊಂಡರೆ ಭಾಜಕ 3.2, ಬೆಲೆ 150. ಮಕ್ಕಳು ಇಪ್ಪತ್ತು ಕಡಿಮೆ, ಮಾಹಿತಿ ಸುಮಾರು ಮುಕ್ಕಾಲು ಪಟ್ಟು ಹೆಚ್ಚು. ಬಸ್ ಖರ್ಚು ದುಪ್ಪಟ್ಟು, ಅದು ನಿಜ. ಆದರೆ ಐದನೇ ತರಗತಿಯಲ್ಲಿ 25 ಮಕ್ಕಳಿರುವ ಹಳ್ಳಿಯ ಸರ್ಕಾರಿ ಶಾಲೆ ಹುಡುಕುವ ಕಷ್ಟ ತಪ್ಪುತ್ತದೆ.

ವಿಶ್ವಾಸಾರ್ಹತೆಗೆ ಎಲ್ಲರೂ ಕ್ರೋನ್‌ಬಾಕ್ ಆಲ್ಫಾ (ಹೇಳಿಕೆಗಳು ಎಷ್ಟು ಒಟ್ಟಿಗೆ ಸಾಗುತ್ತವೆ ಎಂಬ ಅಳತೆ) ಕೊಡುತ್ತಾರೆ. 0.83 ಬಂತೆಂದರೆ ಹಬ್ಬ. 20 ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.2 ಇದ್ದರೂ ಆಲ್ಫಾ 0.83 ಬರುತ್ತದೆ, ಅದೇ 0.2ಕ್ಕೆ 10 ಹೇಳಿಕೆ ಇದ್ದರೆ 0.71. ಅಂದರೆ ಹೇಳಿಕೆಗಳನ್ನು ರಾಶಿ ಹಾಕಿಯೂ ಅದನ್ನು ಏರಿಸಬಹುದು. 20ರೊಳಗೆ ಎರಡು ಬೇರೆ ಸಂಗತಿ ಅಡಗಿದ್ದರೂ ಅದು ಬಾಯಿ ಬಿಡುವುದಿಲ್ಲ. ಅಪವರ್ತನ ವಿಶ್ಲೇಷಣೆ ಮಾಡುವಾಗ ಎಸ್‌ಪಿಎಸ್‌ಎಸ್ ತಂತ್ರಾಂಶ ತಾನಾಗಿ ಆರಿಸಿಕೊಡುವ 'ಐಗನ್ ಮೌಲ್ಯ (ಒಂದು ಅಪವರ್ತನದ ತೂಕ) ಒಂದಕ್ಕಿಂತ ಹೆಚ್ಚು' ಎಂಬ ನಿಯಮ ಬೇಕಾದ್ದಕ್ಕಿಂತ ಹೆಚ್ಚು ಅಪವರ್ತನ ಹೊರತೆಗೆಯುತ್ತದೆ. ಹಾರ್ನ್ 1965ರಲ್ಲಿ ಕೊಟ್ಟ ಸಮಾನಾಂತರ ವಿಶ್ಲೇಷಣೆ (ಮನಬಂದಂತೆ ಹಾಕಿದ ಅಂಕಿಗಳಿಂದ ಬರುವುದಕ್ಕಿಂತ ದೊಡ್ಡ ಅಪವರ್ತನಗಳನ್ನಷ್ಟೇ ಉಳಿಸಿಕೊಳ್ಳುವುದು) ಮೇಲು. ಪುಕ್ಕಟೆ ಸಿಗುವ ಆರ್, ಜಾಸ್ಪ್, ಜಮೋವಿ ತಂತ್ರಾಂಶ ಮೂರರಲ್ಲೂ ಅದನ್ನು ಮಾಡಬಹುದು. ಪೂರ್ವಪರೀಕ್ಷೆಯ ಮಕ್ಕಳ ಮೇಲೆ ರಚನೆ ಹುಡುಕಿ, ಮುಖ್ಯ ಅಧ್ಯಯನದ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿ. ಎರಡನ್ನೂ ಒಂದೇ ಗುಂಪಿನ ಮೇಲೆ ಮಾಡಿದರೆ ನಿಮ್ಮ ಉತ್ತರಪತ್ರಿಕೆಯನ್ನು ನೀವೇ ತಿದ್ದಿದಂತೆ.

ದತ್ತಾಂಶವನ್ನು ಇಬ್ಬರು ಬೇರೆ ಬೇರೆ ಕೂತು ಕಂಪ್ಯೂಟರಿಗೆ ಹಾಕಿ ತಾಳೆ ನೋಡಬೇಕು. ಬಿಟ್ಟ ಉತ್ತರಕ್ಕೆ ಸೊನ್ನೆ ಹಾಕುವ ಅಭ್ಯಾಸ ಅಪಾಯ. 99 ಅಥವಾ ಖಾಲಿ, ಯಾವುದೆಂದು ಮೊದಲ ದಿನವೇ ಬರೆದಿಡಿ. 99 ಎಂದು ಹಾಕಿ ಅದನ್ನು ತಂತ್ರಾಂಶಕ್ಕೆ ತಿಳಿಸಲು ಮರೆತರೆ ಸರಾಸರಿ ಆಕಾಶಕ್ಕೆ ಹಾರುತ್ತದೆ. ಆ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಸಿಕ್ಕಿಬೀಳುತ್ತದೆ. ಸೊನ್ನೆಯದು ಸಿಕ್ಕಿಬೀಳದೆ ಪ್ರಬಂಧದಲ್ಲೇ ಉಳಿದುಹೋಗುತ್ತದೆ. ಮಗುವಿನ ಹೆಸರಿರುವ ಪಟ್ಟಿ ಒಂದು ಕಡೆ, ಸಂಕೇತ ಸಂಖ್ಯೆಯಿರುವ ಹಾಳೆಗಳು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ.

ಕೊನೆಯ ಭೇಟಿ ಹೆಚ್ಚಿನವರು ಬಿಟ್ಟುಬಿಡುವಂಥದ್ದು. ಫಲಿತಾಂಶ ಬಂದ ಮೇಲೆ ಪ್ರತಿ ಶಾಲೆಗೂ ಒಂದು ಪುಟದ ಕನ್ನಡ ಟಿಪ್ಪಣಿ ಕೊಡಿ: ಎಲ್ಲ ಶಾಲೆಗಳನ್ನು ಸೇರಿಸಿ ಏನು ಕಂಡಿತು, ಯಾವ ಬಗೆಯ ಲೆಕ್ಕದಲ್ಲಿ ಮಕ್ಕಳು ನಿಧಾನ, ಬೋರ್ಡಿನ ಮೇಲೆ ಒಬ್ಬರನ್ನೇ ನಿಲ್ಲಿಸಿ ಲೆಕ್ಕ ಮಾಡಿಸುವುದರ ಬಗ್ಗೆ ಮಕ್ಕಳು ಏನು ಹೇಳಿದರು. ಆ ಶಾಲೆಯ ಅಂಕಗಳನ್ನು ಪ್ರತ್ಯೇಕವಾಗಿ ಬರೆಯಬೇಡಿ, ಮಗುವಿನ ಹೆಸರನ್ನಂತೂ ಬರೆಯಲೇಬೇಡಿ. 'ನಮ್ಮ ಶಾಲೆ ಎಷ್ಟನೇ ಸ್ಥಾನ ಸರ್?' ಎಂದು ಕೇಳಿಯೇ ಕೇಳುತ್ತಾರೆ. 'ಸ್ಥಾನ ನೋಡಿಲ್ಲ ಸರ್' ಎಂದು ಹೇಳುವಾಗ ಅದು ನಿಜವೂ ಆಗಿರಬೇಕು. ಶಾಲಾವಾರು ಸರಾಸರಿಯ ಹಾಳೆ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬಾರದು.